ಹೆಕ್ಸೊಕೈನೇಸ್-2 ಆ್ಯಂಟಿಬಾಡಿ: ಬ್ಯಾಂಡ್ ಕಂಡರಷ್ಟೇ ಸಾಲದು

ಜೀವಕೋಶದೊಳಗೆ ಬಂದ ಗ್ಲೂಕೋಸಿಗೆ ಫಾಸ್ಫೇಟ್ ಸೇರಿಸುವ ಕಿಣ್ವ ಹೆಕ್ಸೊಕೈನೇಸ್. ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ವರ್ಗಾಯಿಸಿ, ಬೇಕಾದದ್ದನ್ನು ಆ್ಯಂಟಿಬಾಡಿಯಿಂದ ಬ್ಯಾಂಡ್ (ಗೆರೆ) ಆಗಿ ಗುರುತಿಸುವ ವಿಧಾನ ವೆಸ್ಟರ್ನ್ ಬ್ಲಾಟ್. ಈ ಕಿಣ್ವದ 2ನೇ ರೂಪವನ್ನು (ಹೆಕ್ಸೊಕೈನೇಸ್-2) ಅದರಲ್ಲಿ ಹುಡುಕುವವರಿಗೆ ದೊಡ್ಡ ತೊಡಕು 1ನೇ ರೂಪದ್ದು. ಎರಡರ ತೂಕವೂ ಸುಮಾರು 100 ಕಿಲೋಡಾಲ್ಟನ್, ಅಮೈನೋ ಆಮ್ಲಗಳ ಸರಣಿಯೂ ಬಹುಪಾಲು ಒಂದೇ. ಹಾಗಾಗಿ ಸರಿಯಾದ ಜಾಗದಲ್ಲಿ ಬ್ಯಾಂಡ್ ಬಂತು ಎಂದ ಮಾತ್ರಕ್ಕೆ ನಾನು ಅದನ್ನು ನಂಬುವುದಿಲ್ಲ.

ಹೊಸ ಆ್ಯಂಟಿಬಾಡಿ ಬಂದಾಗ ಮೊದಲ ಜೆಲ್‌ನಲ್ಲಿ ಇಲಿಯ ಮೂರು ಅಂಗಾಂಶಗಳನ್ನು ಹಾಕುತ್ತೇನೆ: ಅಸ್ಥಿಸ್ನಾಯು, ಮಿದುಳು, ಯಕೃತ್ತು. ಸ್ನಾಯುವಿನಲ್ಲಿ 2ನೇ ರೂಪ ಮುಖ್ಯ, ಮಿದುಳಿನಲ್ಲಿ 1ನೇ ರೂಪ. ಯಕೃತ್ತಿನಲ್ಲಿ ಹೆಚ್ಚಾಗಿ ಇರುವುದು ಸುಮಾರು 50 ಕಿಲೋಡಾಲ್ಟನ್‌ನ, ಇದೇ ಕುಟುಂಬದ ಗ್ಲೂಕೊಕೈನೇಸ್. ಮಿದುಳಿನ ಬ್ಯಾಂಡ್ ಸ್ನಾಯುವಿನಷ್ಟೇ ಗಾಢವಾಗಿದ್ದರೆ ಆ ಆ್ಯಂಟಿಬಾಡಿ 1ನೇ ರೂಪವನ್ನೂ ಹಿಡಿಯುತ್ತಿದೆ ಎಂದು ತಿಳಿಯಬೇಕು. ಇಲಿಯ ಅಂಗಾಂಶಕ್ಕೆ ಇಲಿಯಲ್ಲೇ ಬೆಳೆಸಿದ ಆ್ಯಂಟಿಬಾಡಿ ಬೇಡ. ಅದನ್ನು ಗುರುತಿಸಲು ಹಾಕುವ ಎರಡನೇ ಆ್ಯಂಟಿಬಾಡಿ (ಸೆಕೆಂಡರಿ) ಅಂಗಾಂಶದ ರಕ್ತದಲ್ಲಿರುವ ಇಲಿಯದೇ ಆ್ಯಂಟಿಬಾಡಿಗೂ ಅಂಟುತ್ತದೆ. ಆಗ ಅದರ ಭಾರಸರಪಳಿ (ದೊಡ್ಡ ತುಂಡು) ಸರಿಯಾಗಿ 50ರ ಹತ್ತಿರವೇ ಕಾಣಿಸಿಕೊಂಡು ಗ್ಲೂಕೊಕೈನೇಸ್ ಎಂದು ದಾರಿ ತಪ್ಪಿಸುತ್ತದೆ. ಮೊಲದ್ದಾದರೆ ಈ ಕಾಟವಿಲ್ಲ. ಹೀಲಾ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳು) 2ನೇ ರೂಪದ ತಯಾರಿಕೆಯನ್ನಷ್ಟೇ ತಗ್ಗಿಸುವ ಚಿಕ್ಕ ಆರ್‌ಎನ್‌ಎ, ಅಂದರೆ ಎಸ್‌ಐಆರ್‌ಎನ್‌ಎ ಕೊಟ್ಟು 72 ಗಂಟೆ ಬಿಟ್ಟು ನೋಡಿದಾಗ ಬ್ಯಾಂಡ್ ತೆಳುವಾದರೆ ಅದು ಇನ್ನೂ ಗಟ್ಟಿ ಸಾಕ್ಷಿ.

ಮಾದರಿ ತಯಾರಿಕೆಯಲ್ಲೂ ಈ ಕಿಣ್ವ ಕೈತಪ್ಪುತ್ತದೆ. ಅದು ಮೈಟೊಕಾಂಡ್ರಿಯಾದ ಹೊರಪೊರೆಗೆ ಅಂಟಿಕೊಂಡಿರುತ್ತದೆ. ಡಿಜಿಟೋನಿನ್‌ನಂಥ ಮೃದು ಡಿಟರ್ಜೆಂಟಿನಲ್ಲಿ ಕೋಶ ಒಡೆದು ಸೆಂಟ್ರಿಫ್ಯೂಜ್ ಮಾಡಿದರೆ ಕಿಣ್ವದ ದೊಡ್ಡ ಪಾಲು ತಳದ ಗಸಿಯಲ್ಲೇ ಉಳಿಯುತ್ತದೆ. ಮೇಲಿನ ದ್ರವ ಮಾತ್ರ ಜೆಲ್‌ನಲ್ಲಿ ಓಡಿಸಿ ‘ಕಿಣ್ವ ಕಡಿಮೆಯಾಗಿದೆ’ ಎಂದು ಬರೆದುಕೊಳ್ಳುವ ಅಪಾಯ ಇಲ್ಲಿದೆ. ನಾನು 0.1% ಎಸ್‌ಡಿಎಸ್ (ಪ್ರಬಲ ಡಿಟರ್ಜೆಂಟ್) ಇರುವ, ಕೋಶ ಒಡೆಯುವ ರೀಪಾ ಬಫರ್‌ಗೆ ಪ್ರೋಟಿಯೇಸ್ ತಡೆಗಳನ್ನು (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವವು) ಬಳಸುವ ಹೊತ್ತಿಗೇ ಸೇರಿಸಿ, ಮಂಜುಗಡ್ಡೆಯ ಮೇಲೆ ಶಬ್ದತರಂಗದಿಂದ ಸ್ವಲ್ಪ ಸೋನಿಕೇಟ್ ಮಾಡುತ್ತೇನೆ.

ಉಳಿದದ್ದು ಮಾಮೂಲು. ಲೇನಿಗೆ 20–30 ಮೈಕ್ರೋಗ್ರಾಂ ಪ್ರೋಟೀನ್, 95 ಡಿಗ್ರಿಯಲ್ಲಿ 5 ನಿಮಿಷ, 8% ಜೆಲ್. ಪ್ರೋಟೀನನ್ನು ಜೆಲ್‌ನಿಂದ ಮೆಂಬ್ರೇನಿಗೆ ಸಾಗಿಸುವ ಟ್ರಾನ್ಸ್‌ಫರ್ ಬಫರ್‌ನಲ್ಲಿ ಮೆಥನಾಲ್ 20% ಬದಲು 10% ಇಟ್ಟರೆ ದೊಡ್ಡ ಪ್ರೋಟೀನ್ ಜೆಲ್ ಬಿಟ್ಟು ಸುಲಭವಾಗಿ ಬರುತ್ತದೆ. ತಂಪಿನಲ್ಲಿ 100 ವೋಲ್ಟ್, 90 ನಿಮಿಷ. ಪಿವಿಡಿಎಫ್ ಮೆಂಬ್ರೇನನ್ನು ಮೊದಲು ಶುದ್ಧ ಮೆಥನಾಲ್‌ನಲ್ಲಿ ಅದ್ದುವುದನ್ನು ಮರೆಯಬಾರದು. 5% ಕೆನೆರಹಿತ ಹಾಲಿನಪುಡಿಯಲ್ಲಿ 1 ಗಂಟೆ ಬ್ಲಾಕಿಂಗ್ (ಮೆಂಬ್ರೇನಿನ ಖಾಲಿ ಜಾಗ ಮುಚ್ಚುವುದು), ಪ್ರೈಮರಿ (ಕಿಣ್ವವನ್ನು ಹಿಡಿಯುವ ಮೊದಲ ಆ್ಯಂಟಿಬಾಡಿ) 1:1000ರಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ, 10 ನಿಮಿಷದ ಮೂರು ತೊಳೆತ, ಎಚ್‌ಆರ್‌ಪಿ (ಬ್ಯಾಂಡ್ ಕಾಣುವಂತೆ ಮಾಡುವ ಕಿಣ್ವ) ಜೋಡಿಸಿದ ಸೆಕೆಂಡರಿ 1:5000ರಲ್ಲಿ 1 ಗಂಟೆ. ಮತ್ತೆ ಬಳಸಲೆಂದು ಪ್ರೈಮರಿಗೆ ಕೆಡದಂತೆ ಸೋಡಿಯಂ ಅಜೈಡ್ ಹಾಕಿಟ್ಟಿದ್ದರೆ ತೊಳೆಯುವುದರಲ್ಲಿ ಜಿಪುಣತನ ಬೇಡ. ಅಜೈಡ್ ಎಚ್‌ಆರ್‌ಪಿಯನ್ನು ತಡೆಯುತ್ತದೆ, ಬ್ಲಾಟ್ ಖಾಲಿ ಬರುತ್ತದೆ.

ಲೋಡಿಂಗ್ ಕಂಟ್ರೋಲ್‌ಗೆ, ಅಂದರೆ ಎಲ್ಲ ಲೇನಿಗೂ ಸಮ ಪ್ರೋಟೀನ್ ಬಿದ್ದಿದೆಯೇ ಎಂದು ನೋಡುವ ಹೋಲಿಕೆಗೆ, ಜಿಎಪಿಡಿಎಚ್ ಬಳಸಬೇಡಿ. ಅದೂ ಗ್ಲೈಕೊಲಿಸಿಸ್‌ನ (ಗ್ಲೂಕೋಸ್ ಒಡೆಯುವ ಹಾದಿಯ) ಕಿಣ್ವವೇ. ಆಮ್ಲಜನಕ ಕಡಿಮೆಯಾದಾಗ ಹೆಕ್ಸೊಕೈನೇಸ್-2ರ ಜೊತೆಗೆ ಅದೂ ಏರಬಲ್ಲದು, ಆಗ ನಿಜವಾದ ಏರಿಕೆಯೇ ಲೆಕ್ಕದಲ್ಲಿ ಕುಗ್ಗುತ್ತದೆ. ಮೆಂಬ್ರೇನನ್ನು 70 ಕಿಲೋಡಾಲ್ಟನ್ ಮಾರ್ಕರ್ (ತೂಕ ತೋರಿಸುವ ಗುರುತು) ಬಳಿ ಅಡ್ಡ ಕತ್ತರಿಸಿ, ಮೇಲಿನ ತುಂಡಿಗೆ ಹೆಕ್ಸೊಕೈನೇಸ್, ಕೆಳಗಿನದಕ್ಕೆ ಹೋಲಿಕೆಗೆಂದು ಟ್ಯುಬ್ಯುಲಿನ್ ಆ್ಯಂಟಿಬಾಡಿ ಹಾಕುತ್ತೇನೆ. ಕತ್ತರಿಸುವ ಮುನ್ನ ಎಲ್ಲ ಪ್ರೋಟೀನನ್ನೂ ತೋರಿಸುವ ಪಾನ್ಸೋ ಬಣ್ಣ ಹಚ್ಚಿದ ಇಡೀ ಮೆಂಬ್ರೇನಿನ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳುತ್ತೇನೆ.