‘ಕಟ್’ ಪದವನ್ನು ಸರಿಯಾಗಿ ಬಳಸಲು ಕಲಿಯುವುದು ಹೇಗೆ?

ಇಂಗ್ಲಿಷಿನ ‘ಕಟ್’ ಗೊತ್ತಿಲ್ಲ ಎನ್ನುವ ಕನ್ನಡಿಗರು ಸಿಗುವುದು ಕಷ್ಟ. ಕರೆಂಟ್ ಕಟ್, ಕಾಲ್ ಕಟ್, ಸಂಬಳ ಕಟ್, ಶಾರ್ಟ್‌ಕಟ್ ಎಂಬ ಮಾತುಗಳು ಇಂಗ್ಲಿಷ್ ಕಲಿಯದವರ ಬಾಯಲ್ಲೂ ಸಲೀಸಾಗಿ ಬರುತ್ತವೆ. ಆದರೆ ಇಂಗ್ಲಿಷಿನಲ್ಲೇ ನಾಲ್ಕು ಸಾಲು ಬರೆಯಲು ಕುಳಿತಾಗ ಇದೇ ಪದ ತಡವರಿಸುವಂತೆ ಮಾಡುತ್ತದೆ. ‘ಕಟ್ ಆಫ್’, ‘ಕಟ್ ಔಟ್’, ‘ಕಟ್ ಡೌನ್’ ಎಂದು ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡುವ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಷ್ಟು ಶ್ರಮ ಬೇಕಿಲ್ಲ. ಹರಿತವಾದ ಅಲಗು ತಾಕಿದಾಗ ವಸ್ತುವಿಗೆ ಏನಾಗುತ್ತದೆ ಎಂಬುದನ್ನು ಕಣ್ಣಮುಂದೆ ತಂದುಕೊಂಡರೆ ಬಹುಪಾಲು ಅರ್ಥಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ರೂಪಗಳು

ಇದು ಬೇಗ ಮುಗಿಯುವ ಪಾಠ. ವರ್ತಮಾನದಲ್ಲಿ ಕಟ್, ಭೂತಕಾಲದಲ್ಲಿ ಕಟ್, ‘ಹ್ಯಾವ್’ ಜೊತೆಗೂ ಕಟ್. ‘ಕಟೆಡ್’ ಎಂಬ ರೂಪ ಇಲ್ಲವೇ ಇಲ್ಲ. ಪುಟ್, ಶಟ್, ಹಿಟ್, ಲೆಟ್, ಹರ್ಟ್ ಕೂಡ ಇದೇ ಗುಂಪಿನವು. ಹಾಗಾದರೆ ಕಾಲ ತಿಳಿಯುವುದು ಹೇಗೆ? ‘ಹಿ ಕಟ್ಸ್ ದ ರೋಪ್’ ಎಂದರೆ ಆತ ಹಗ್ಗ ಕತ್ತರಿಸುತ್ತಾನೆ. ‘ಹಿ ಕಟ್ ದ ರೋಪ್’ ಎಂದರೆ ಕತ್ತರಿಸಿದ. ಕೊನೆಯ ‘ಸ್’ ಇಲ್ಲದಿರುವುದೇ ಭೂತಕಾಲದ ಗುರುತು. ‘ಐ’, ‘ಯು’, ‘ವಿ’, ‘ದೇ’ ಜೊತೆ ‘ಕಟ್’ ಬಂದಾಗ ಮಾತ್ರ ಈ ಗುರುತು ಸಿಗುವುದಿಲ್ಲ. ಅಲ್ಲಿ ‘ಯೆಸ್ಟರ್‌ಡೇ’, ‘ಎವ್ರಿ ಡೇ’ಯಂಥ ಪದಗಳೇ ದಾರಿ ತೋರಿಸಬೇಕು. ‘ಕಟಿಂಗ್’ ಎಂದು ಬರೆಯುವಾಗ ಟಿ ಅಕ್ಷರವನ್ನು ಎರಡು ಬಾರಿ ಹಾಕಿ. ಒಂದೇ ಹಾಕಿದರೆ ಓದುವವರ ನಾಲಗೆ ‘ಕ್ಯೂಟಿಂಗ್’ ಎಂಬತ್ತ ಜಾರುತ್ತದೆ.

ಕತ್ತರಿಸುತ್ತಿರುವುದು ಏನನ್ನು?

ಕನ್ನಡದಲ್ಲಿ ತರಕಾರಿಯನ್ನು ಹೆಚ್ಚುತ್ತೇವೆ, ಪೈರನ್ನು ಕೊಯ್ಯುತ್ತೇವೆ, ಮರವನ್ನು ಕಡಿಯುತ್ತೇವೆ, ಸೌದೆಯನ್ನು ಸೀಳುತ್ತೇವೆ, ಗಾಜನ್ನು ಕೊರೆಯುತ್ತೇವೆ. ವಸ್ತು ಬದಲಾದರೆ ಕ್ರಿಯಾಪದವೂ ಬದಲಾಗುತ್ತದೆ. ಇಂಗ್ಲಿಷಿನ ‘ಕಟ್’ ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಪದದಲ್ಲಿ ನಿಭಾಯಿಸುತ್ತದೆ. ಹಿಂದೆ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕತ್ತರಿಸುವುದಕ್ಕೆ ಬಳಕೆಯಲ್ಲಿದ್ದ ಸಾಮಾನ್ಯ ಪದ ಇಂದಿನ ‘ಕಾರ್ವ್’ನ ಪೂರ್ವಜ. 13ನೆಯ ಶತಮಾನದ ಕೊನೆಯ ಸುಮಾರಿಗೆ ಬರಹದಲ್ಲಿ ಕಾಣಿಸಿಕೊಂಡ ‘ಕಟ್’ ನಿಧಾನವಾಗಿ ಆ ಜಾಗವನ್ನು ಆಕ್ರಮಿಸಿತು. ‘ಕಾರ್ವ್’ ಈಗ ಮುಖ್ಯವಾಗಿ ಕೆತ್ತನೆಗೂ ಬೇಯಿಸಿದ ಮಾಂಸವನ್ನು ಹೋಳು ಮಾಡುವುದಕ್ಕೂ ಉಳಿದುಕೊಂಡಿದೆ.

ತೆಳ್ಳಗಿನ ಬಿಲ್ಲೆಗಳಿಗೆ ‘ಸ್ಲೈಸ್’, ತುಂಡುತುಂಡಾಗಿ ಕೊಚ್ಚುವುದಕ್ಕೆ ‘ಚಾಪ್’, ಅಂಚು ಮಾತ್ರ ಸವರುವುದಕ್ಕೆ ‘ಟ್ರಿಮ್’ ಇವೆ. ನೆನಪಾದರೆ ಬಳಸಿ, ಆಗದಿದ್ದರೆ ‘ಕಟ್’ ಎನ್ನಿ, ತಪ್ಪಾಗದು. ಎಚ್ಚರ ಬೇಕಿರುವುದು ಕನ್ನಡಕ್ಕೆ ತರುವಾಗ. ಹುಲ್ಲು, ಹೊಲಿಗೆಯ ಬಟ್ಟೆ, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ‘ಕತ್ತರಿಸು’ ಎಂದೇ ಬರೆದರೆ ನಮ್ಮ ಕೈಯಲ್ಲಿರುವ ಸಂಪತ್ತನ್ನು ನಾವೇ ಬಿಟ್ಟುಕೊಟ್ಟಂತೆ.

ಹಿಂದೆ ಬರುವ ಪುಟ್ಟ ಪದ

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಕಟ್’ ಕಲಿಕೆಯ ಮುಕ್ಕಾಲು ಪಾಲು ಇಲ್ಲಿದೆ. ‘ಐ ಕಟ್ ಮೈ ಫಿಂಗರ್’ ಎಂದರೆ ಬೆರಳು ಕೊಯ್ದುಕೊಂಡೆ, ಗಾಯವಾಯಿತು ಎಂದಷ್ಟೇ. ‘ಐ ಕಟ್ ಆಫ್ ಮೈ ಫಿಂಗರ್’ ಎಂದರೆ ಬೆರಳು ತುಂಡಾಗಿ ಬೇರೆಯಾಯಿತು. ಒಂದು ‘ಆಫ್’ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ. ಅಲಗು ಯಾವ ದಿಕ್ಕಿಗೆ ಸಾಗಿತು, ಕೊನೆಗೆ ಏನಾಯಿತು ಎಂದು ಹೇಳುವ ಹೊಣೆ ಈ ಪುಟ್ಟ ಪದದ್ದು.

‘ಆಫ್’ ಎಂದರೆ ಮೂಲದಿಂದ ಬೇರೆಯಾಗುವುದು. ನೀರು, ವಿದ್ಯುತ್ ಪೂರೈಕೆ ನಿಲ್ಲಿಸಿದರೆ ‘ಕಟ್ ಆಫ್’. ಪ್ರವಾಹದಿಂದ ಊರಿನ ಸಂಪರ್ಕ ತಪ್ಪಿದರೂ ‘ಕಟ್ ಆಫ್’. ಮಾತನಾಡುತ್ತಿದ್ದವರನ್ನು ಅರ್ಧಕ್ಕೆ ತಡೆದರೂ ಅದೇ. ಪ್ರವೇಶ ಪರೀಕ್ಷೆಯ ‘ಕಟ್ ಆಫ್’ ಅಂಕವೂ ಒಳಗಿನವರನ್ನು ಹೊರಗಿನವರಿಂದ ಬೇರ್ಪಡಿಸುವ ಗೆರೆಯೇ.

‘ಡೌನ್’ ಎಂದರೆ ಕೆಳಕ್ಕೆ. ಮರ ನೆಲಕ್ಕುರುಳುತ್ತದೆ, ಅಥವಾ ಪ್ರಮಾಣ ಇಳಿಯುತ್ತದೆ. ‘ಕಟ್ ಡೌನ್ ಆನ್ ಶುಗರ್’ ಎಂದರೆ ಸಕ್ಕರೆ ಕಡಿಮೆ ಮಾಡಿ. ‘ಕಟ್ ಔಟ್ ಶುಗರ್’ ಎಂದರೆ ಸಕ್ಕರೆಯನ್ನು ಪೂರ್ತಿ ಬಿಟ್ಟುಬಿಡಿ. ವೈದ್ಯರ ಸಲಹೆಯನ್ನು ಇಂಗ್ಲಿಷಿನಲ್ಲಿ ಓದುವವರು ಈ ಎರಡನ್ನು ಎಂದಿಗೂ ಗೊಂದಲ ಮಾಡಿಕೊಳ್ಳಬಾರದು. ‘ಔಟ್’ ಇರುವಲ್ಲಿ ಒಳಗಿದ್ದದ್ದು ಹೊರಬಂದಿರುತ್ತದೆ: ಪತ್ರಿಕೆಯಿಂದ ಚಿತ್ರವನ್ನು ಕತ್ತರಿಸಿ ತೆಗೆಯುವುದೂ ‘ಕಟ್ ಔಟ್’. ಓಡುತ್ತಿದ್ದ ಎಂಜಿನ್ ಹಠಾತ್ತನೆ ನಿಂತುಹೋದರೂ ‘ಕಟ್ ಔಟ್’ ಎನ್ನುತ್ತಾರೆ.

‘ಅಪ್’ ಬಂದರೆ ಚೂರುಚೂರು ಎಂದರ್ಥ. ಆದ್ದರಿಂದಲೇ ಒಂದೇ ಮರವನ್ನು ಮೊದಲು ‘ಕಟ್ ಡೌನ್’ ಮಾಡಿ ಆಮೇಲೆ ‘ಕಟ್ ಅಪ್’ ಮಾಡಬಹುದು: ಕಡಿದು ಕೆಡವುವುದು ಮೊದಲು, ತುಂಡು ಮಾಡುವುದು ನಂತರ. ‘ಇನ್’ ಎಂದರೆ ನಡುವೆ ನುಗ್ಗುವುದು. ರಸ್ತೆಯಲ್ಲಿ ವಾಹನವೂ ನುಗ್ಗಬಹುದು, ಸಂಭಾಷಣೆಯಲ್ಲಿ ಮನುಷ್ಯನೂ ನುಗ್ಗಬಹುದು. ‘ಬ್ಯಾಕ್’ ಗಿಡಕ್ಕೂ ಖರ್ಚಿಗೂ ಹೊಂದುತ್ತದೆ, ಬೆಳೆದದ್ದನ್ನು ಸವರಿ ಹಿಂದಕ್ಕೆ ತರುವುದು.

ಈ ಹಂತದಲ್ಲಿ ಒಂದು ನಿಯಮ ಬರೆದಿಟ್ಟುಕೊಳ್ಳಿ. ‘ಇಟ್’, ‘ಮಿ’, ‘ದೆಮ್’ನಂಥ ಸರ್ವನಾಮ ಬಂದರೆ ಅದು ನಡುವೆ ಕೂರಬೇಕು: ‘ಕಟ್ ಇಟ್ ಆಫ್’, ‘ಕಟ್ ದೆಮ್ ಅಪ್’. ‘ಕಟ್ ಆಫ್ ಇಟ್’ ಎಂದು ಬರೆಯುವುದು ತಪ್ಪು.

ಕತ್ತರಿಸಿದವರು ಯಾರು?

‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ಹಿಡಿದದ್ದು ನೀವೇ ಎಂದು ಕೇಳುವವರು ತಿಳಿಯಬಹುದು. ಬೇರೆಯವರಿಂದ ಮಾಡಿಸಿಕೊಂಡಿದ್ದರೆ ‘ಐ ಹ್ಯಾಡ್ ಮೈ ಹೇರ್ ಕಟ್’ ಎನ್ನಬೇಕು, ಇಲ್ಲವೇ ‘ಐ ಗಾಟ್ ಅ ಹೇರ್‌ಕಟ್’. ಕನ್ನಡದ ಮಾಡು–ಮಾಡಿಸು ಜೋಡಿ ನಮಗೆ ರಕ್ತಗತ. ಆ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಇಲ್ಲಿ ‘ಹ್ಯಾಡ್’ ಮಾಡುತ್ತದೆ ಎಂದುಕೊಂಡರೆ ಈ ವಾಕ್ಯರಚನೆ ಮತ್ತೆ ಮರೆಯುವುದಿಲ್ಲ.

ಸಾಧನಕ್ಕೆ ಬೇಕಾಗುವ ಪದಗಳಲ್ಲೂ ಸೂಕ್ಷ್ಮವಿದೆ. ಚಾಕು ಹಿಡಿದು ಕತ್ತರಿಸಿದರೆ ‘ವಿತ್ ಅ ನೈಫ್’. ಬಿದ್ದಿದ್ದ ಗಾಜು ತಾಕಿ ಕೈ ಕೊಯ್ದುಕೊಂಡರೆ ‘ಆನ್ ಗ್ಲಾಸ್’. ಮೊದಲನೆಯದರಲ್ಲಿ ಅಲಗು ಚಲಿಸಿತು, ಎರಡನೆಯದರಲ್ಲಿ ಕೈ ಚಲಿಸಿತು.

ನಾಮಪದವಾಗಿ

ಪೇ ಕಟ್, ಟ್ಯಾಕ್ಸ್ ಕಟ್, ಪವರ್ ಕಟ್ ಎಲ್ಲರಿಗೂ ಗೊತ್ತು. ವ್ಯವಹಾರದಲ್ಲಿ ಮಧ್ಯವರ್ತಿ ಪಡೆಯುವ ಪಾಲೂ ಅವನ ‘ಕಟ್’. ಕ್ರಿಕೆಟ್ಟಿನಲ್ಲಿ ಆಫ್ ಸ್ಟಂಪಿನಿಂದ ದೂರಕ್ಕೆ ಬಿದ್ದ ಗಿಡ್ಡ ಚೆಂಡನ್ನು ಬ್ಯಾಟನ್ನು ಅಡ್ಡಲಾಗಿ ಬೀಸಿ ಆಫ್ ಬದಿಗೆ ಹೊಡೆಯುವುದು ಕಟ್. ಚೆಂಡನ್ನು ಇನ್ನಷ್ಟು ಹೊತ್ತು ಬರಗೊಟ್ಟು ವಿಕೆಟ್ಟಿನ ಹಿಂದಕ್ಕೆ ತಿರುಗಿಸಿದರೆ ಲೇಟ್ ಕಟ್. ವಜ್ರದ ಗುಣಮಟ್ಟವನ್ನು ಅಳೆಯುವ ನಾಲ್ಕು ಮಾನದಂಡಗಳಲ್ಲಿ ಕ್ಯಾರಟ್, ಬಣ್ಣ, ಶುಭ್ರತೆಗಳ ಜೊತೆ ಕಟ್ ಸಹ ಇದೆ. ಅದನ್ನು ಆಕಾರ ಎಂದು ತಿಳಿಯುವವರು ಬಹಳ. ಮುಖಗಳನ್ನು ಎಷ್ಟು ಕರಾರುವಾಕ್ಕಾಗಿ ಕತ್ತರಿಸಿದ್ದಾರೆ, ಕಲ್ಲು ಬೆಳಕನ್ನು ಎಷ್ಟು ಚೆನ್ನಾಗಿ ಹಿಂದಿರುಗಿಸುತ್ತದೆ ಎಂಬುದು ಅದರ ನಿಜವಾದ ಅರ್ಥ.

ಕಂಪ್ಯೂಟರಿನ ‘ಕಟ್’ಗೆ ಕಾಗದದ ಮೂಲವಿದೆ. ಹಸ್ತಪ್ರತಿಯ ಸಾಲುಗಳನ್ನು ಕತ್ತರಿಯಿಂದ ಕತ್ತರಿಸಿ ಬೇರೆಡೆ ಅಂಟಿಸಿ ತಿದ್ದುತ್ತಿದ್ದ ಸಂಪಾದಕರ ಅಭ್ಯಾಸವನ್ನು 1970ರ ದಶಕದಲ್ಲಿ ಕ್ಸೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಪರದೆಗೆ ತಂದರು. ಕಂಟ್ರೋಲ್ ಜೊತೆ ಎಕ್ಸ್ ಒತ್ತಿದರೆ ಆಯ್ದ ಪಠ್ಯ ಅಲ್ಲಿಂದ ಮಾಯವಾಗಿ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ಡಿಲೀಟ್ ಮಾಡಿದ್ದನ್ನು ಹೀಗೆ ಅಂಟಿಸಲು ಬರುವುದಿಲ್ಲ.

ಚಿತ್ರಕ್ಕೆ ಸಿಗದ ನುಡಿಗಟ್ಟುಗಳು

ಕೆಲವನ್ನು ಇಡಿಯಾಗಿಯೇ ಕಲಿಯಬೇಕು. ‘ಕಟ್ ಕಾರ್ನರ್ಸ್’ ಎಂದರೆ ಹಣ ಅಥವಾ ಸಮಯ ಉಳಿಸಲು ಕೆಲಸವನ್ನು ಅರೆಬರೆ ಮಾಡುವುದು. ಇದು ದೂರುವ ಮಾತು, ಹೊಗಳಿಕೆಯಲ್ಲ. ‘ನಾಟ್ ಕಟ್ ಔಟ್ ಫಾರ್’ ಎಂದರೆ ಆ ಕೆಲಸಕ್ಕೆ ಹೇಳಿಸಿದವರಲ್ಲ ಎಂದು. ‘ಇಟ್ ಕಟ್ಸ್ ಬೋತ್ ವೇಸ್’ ನಮ್ಮ ಇಬ್ಬಾಯಿ ಖಡ್ಗಕ್ಕೆ ಹತ್ತಿರ. ‘ಕಟ್ ಇಟ್ ಔಟ್’ ಎಂದರೆ ‘ಸಾಕು, ನಿಲ್ಲಿಸು’ ಎಂದು ಗದರುವುದು. ತಂಟೆ ಮಾಡುವ ಮಕ್ಕಳಿಗೆ ಸರಿ, ಹಿರಿಯರಿಗೂ ಮೇಲಧಿಕಾರಿಗಳಿಗೂ ಬೇಡ.

ಕೊನೆಯದಾಗಿ ‘ಕಟ್ ದ ಕಾಲ್’. ಭಾರತದ ಇಂಗ್ಲಿಷಿನಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ನಾಚಬೇಕಾದ್ದೇನೂ ಇಲ್ಲ. ಹೊರದೇಶದವರ ಜೊತೆ ಮಾತನಾಡುವಾಗ ಮಾತ್ರ ‘ಹ್ಯಾಂಗ್ ಅಪ್’ ಅಥವಾ ‘ಎಂಡ್ ದ ಕಾಲ್’ ಎನ್ನಿ. ತಾನಾಗಿಯೇ ಕರೆ ತುಂಡಾಗಿದ್ದರೆ ‘ವಿ ಗಾಟ್ ಕಟ್ ಆಫ್’ ಎಂದರೆ ಸಾಕು, ನೀವು ಬೇಕೆಂದೇ ಫೋನ್ ಇಟ್ಟಿರಿ ಎಂದು ಅವರು ಭಾವಿಸುವುದಿಲ್ಲ.