ಸತ್ಯವೇದದ ಕಾಣದ ಲೋಕವನ್ನು ನಾನು ಓದಿದ ಬಗೆ

ನಮ್ಮ ಸಭೆಯಲ್ಲಿ ಶುಕ್ರವಾರ ಸಂಜೆ ದೊಡ್ಡವರ ಬೈಬಲ್ ಅಧ್ಯಯನ ಇರುತ್ತದೆ. ಕೆಲವು ವರ್ಷಗಳಿಂದ ಅದನ್ನು ನಡೆಸುವ ಜವಾಬ್ದಾರಿ ನನ್ನದು. ದೇವದೂತರು, ದೆವ್ವಗಳು, ಸೈತಾನ, ಸತ್ತವರ ಲೋಕ, ಇವುಗಳ ಬಗ್ಗೆ ಬರುವಷ್ಟು ಪ್ರಶ್ನೆಗಳು ಬೇರೆ ಯಾವ ವಿಷಯಕ್ಕೂ ಬರುವುದಿಲ್ಲ. ಕುತೂಹಲ ಇದ್ದೇ ಇದೆ, ಆದರೆ ಅದಕ್ಕಿಂತ ಜಾಸ್ತಿ ಇರುವುದು ಭಯ. ರಾತ್ರಿ ದೀಪ ಆರಿಸಿ ಮಲಗಲು ಹೆದರುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಹಾಗಾಗಿ ಸುಮ್ನೆ ಮೇಲೆ ಮೇಲೆ ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಕಾಲದ ಇಸ್ರಾಯೇಲ್ಯರು ಈ ಲೋಕವನ್ನು ಹೇಗೆ ಕಂಡಿದ್ದರು ಎಂದು ಬುಡದಿಂದ ಓದಲು ಕೂತೆ.

ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಒಂದು ಸಿದ್ಧ ಕಥೆ ಇರುತ್ತದೆ. ಒಬ್ಬ ದೊಡ್ಡ ದೇವದೂತ ಸೊಕ್ಕಿನಿಂದ ಕೆಳಗೆ ಬಿದ್ದ, ಸೈತಾನನಾದ, ಅವನ ಹಿಂದೆ ಹೋದವರೆಲ್ಲ ದೆವ್ವಗಳಾದರು. ಹೀಗೆ ಮೊದಲಿಂದ ಕೊನೆಯವರೆಗೆ ಈ ಕಥೆಯನ್ನು ಹೇಳುವ ಅಧ್ಯಾಯ ಸತ್ಯವೇದದಲ್ಲಿ ಎಲ್ಲೂ ಇಲ್ಲ. ಬೇರೆ ಬೇರೆ ಕಾಲದ ಪುಸ್ತಕಗಳ ತುಣುಕುಗಳನ್ನು ಸೇರಿಸಿ ಆಮೇಲಿನವರು ಕಟ್ಟಿದ್ದು ಅದು. ನಾನು ಆ ತುಣುಕುಗಳನ್ನು ಮತ್ತೆ ಬಿಡಿಸಿ, ಒಂದೊಂದನ್ನೂ ಅದರ ಕಾಲದಲ್ಲೇ ಇಟ್ಟು ಓದಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಜೀವಿಗೂ ಒಂದು ಪುಟ ಕೊಟ್ಟೆ. ಇವನನ್ನು ಯಾರು ಕಳಿಸಿದರು? ಇವನ ಕೆಲಸ ಏನು? ಇವನು ಯಾರಿಗೆ ಲೆಕ್ಕ ಒಪ್ಪಿಸಬೇಕು? ಪ್ರತಿ ಪುಟದಲ್ಲೂ ಈ ಪ್ರಶ್ನೆಗಳೇ. ನೋಡಲು ಹೇಗಿದ್ದಾನೆ ಎಂಬುದನ್ನು ಕೊನೆಗೆ ಬಿಟ್ಟೆ. ಆ ಬರಹಗಾರರಿಗೇ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಅಬ್ರಹಾಮನ ಗುಡಾರಕ್ಕೆ ಬಂದ ಮೂವರು ಮನುಷ್ಯರಂತೆಯೇ ಕೂತು ಊಟ ಮಾಡಿದರು. ರೆಕ್ಕೆಗಳು ಇರುವುದು ಯೆಶಾಯ ಕಂಡ ಸೆರಾಫಿಯರಿಗೆ, ಯೆಹೆಜ್ಕೇಲ ಕಂಡ ಕೆರೂಬಿಗಳಿಗೆ. ಅವರು ಸುದ್ದಿ ಹೊತ್ತು ತಿರುಗುವವರಲ್ಲ, ಸಿಂಹಾಸನದ ಹತ್ತಿರ ಇರುವವರು.

ಮೊದಲು ತೆಗೆದದ್ದು 1 ಅರಸುಗಳು 22ನೇ ಅಧ್ಯಾಯ. ಇದನ್ನು ಭಾನುವಾರದ ಪ್ರಸಂಗದಲ್ಲಿ ಕೇಳುವುದು ಅಪರೂಪ, ಅಲ್ವಾ? ಇಸ್ರಾಯೇಲಿನ ಅರಸನಾದ ಅಹಾಬ ರಾಮೋತ್‌ಗಿಲ್ಯಾದ್ ಪಟ್ಟಣದ ಮೇಲೆ ಯುದ್ಧಕ್ಕೆ ಹೋಗಬೇಕು ಅಂತಿದ್ದಾನೆ. ಸುಮಾರು 400 ಪ್ರವಾದಿಗಳು 'ಹೋಗು, ಗೆಲ್ಲುತ್ತೀ' ಅನ್ನುತ್ತಾರೆ. ಮೀಕಾಯೆಹು ಒಬ್ಬನೇ ಬೇರೆ ಮಾತು ಹೇಳುತ್ತಾನೆ. ಅವನು ಕಂಡದ್ದು ಒಂದು ದರ್ಬಾರು. ಯೆಹೋವನು ಸಿಂಹಾಸನದ ಮೇಲೆ, ಆಕಾಶದ ಸೈನ್ಯವೆಲ್ಲ ಎಡಕ್ಕೂ ಬಲಕ್ಕೂ. ಅಹಾಬನನ್ನು ಮರುಳು ಮಾಡುವವರು ಯಾರು ಎಂದು ಯೆಹೋವನು ಕೇಳುತ್ತಾನೆ. ಒಬ್ಬ ಹೀಗೆ, ಇನ್ನೊಬ್ಬ ಹಾಗೆ ಹೇಳುತ್ತಾನೆ. ಕೊನೆಗೆ ಒಂದು ಆತ್ಮ ಮುಂದೆ ಬಂದು, ತಾನು ಆ ಪ್ರವಾದಿಗಳ ಬಾಯಲ್ಲಿ ಸುಳ್ಳಾಡುವ ಆತ್ಮವಾಗುತ್ತೇನೆ ಅನ್ನುತ್ತದೆ. ಅಪ್ಪಣೆ ಸಿಗುತ್ತದೆ.

ಗುಂಪಿನಲ್ಲಿ ಇದನ್ನು ಗಟ್ಟಿಯಾಗಿ ಓದಿದಾಗ ಎಲ್ಲರಿಗೂ ಕಸಿವಿಸಿಯಾಯಿತು. ದೇವರು ಸುಳ್ಳಿಗೆ ಒಪ್ಪಿಗೆ ಕೊಡುವುದೇ? ನಾನು ಅದನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ಈ ಅಧ್ಯಾಯದ ಲೋಕದಲ್ಲಿ ದೇವರಿಗೆ ಎದುರಾಗಿ ನಿಂತ ಇನ್ನೊಂದು ಸರ್ಕಾರವೇ ಇಲ್ಲ. ಕೆಡುಕಿನ ಕೆಲಸಕ್ಕೂ ಅದೇ ಸಭೆಯಿಂದ ಅಪ್ಪಣೆ ಆಗಬೇಕು. ಸೌಲನನ್ನು ಕಾಡಿದ ದುರಾತ್ಮವೂ ಯೆಹೋವನಿಂದ ಬಂದದ್ದು ಎಂದೇ 1 ಸಮುವೇಲ ಬರೆಯುತ್ತದೆ. ನಮಗೆ ಇದು ಕಷ್ಟದ ಮಾತು. ಆ ಜನರಿಗೆ ಇದರಲ್ಲಿ ಒಂದು ಧೈರ್ಯವೂ ಇತ್ತು ಎಂದು ನನಗೆ ಅನಿಸುತ್ತದೆ, ಏನೇ ಬಂದರೂ ಅದು ಆ ಒಬ್ಬ ದೇವರ ಕೈ ಮೀರಿ ಬಂದದ್ದಲ್ಲ.

ಈ ದರ್ಬಾರಿನ ಕಲ್ಪನೆ ಇಸ್ರಾಯೇಲ್ಯರದ್ದು ಮಾತ್ರ ಆಗಿರಲಿಲ್ಲ. ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ಎಂಬ ಹಳೆಯ ಪಟ್ಟಣ ಇತ್ತು. 1929ರಿಂದ ಅಲ್ಲಿ ಅಗೆದಾಗ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಏಲ್ ದೇವರ ಸಭೆ ಬರುತ್ತದೆ. ಅವನ ಸುತ್ತ ಮಕ್ಕಳಾದ ದೇವರುಗಳು, ಆ ಸಭೆಯಲ್ಲಿ ಬಾಳ ದೇವರೂ ಇದ್ದಾನೆ. ಅದನ್ನು ಓದಿ 82ನೇ ಕೀರ್ತನೆಗೆ ಬನ್ನಿ. ಇಲ್ಲೂ ದೇವರು ದೇವತೆಗಳ ಸಭೆಯಲ್ಲಿ ಎದ್ದು ನಿಲ್ಲುತ್ತಾನೆ. ಆದರೆ ನಿಲ್ಲುವುದು ಅವರನ್ನು ತರಾಟೆಗೆ ತೆಗೆದುಕೊಳ್ಳಲು. ಬಡವರಿಗೆ, ಅನಾಥರಿಗೆ ಯಾಕೆ ನ್ಯಾಯ ಕೊಡಲಿಲ್ಲ? ನೀವು ಮನುಷ್ಯರಂತೆ ಸಾಯುತ್ತೀರಿ. ದೇವತೆಗಳ ಮೇಲೆ ಹೊರಿಸಿದ ಆರೋಪ ಅನಾಥರಿಗೆ ಮಾಡಿದ ಅನ್ಯಾಯ! ಈ ಕೀರ್ತನೆಯನ್ನು ನಾನು ಎಷ್ಟು ಸಲ ಓದಿದರೂ ಸಾಲದು.

ಕಾಲಕ್ಕೆ ತಕ್ಕ ಹಾಗೆ ಓದುವುದು ಅಂದರೆ ಏನು ಎಂದು ಗುಂಪಿಗೆ ತೋರಿಸಲು ನಾನು ದಾವೀದನ ಜನಗಣತಿಯನ್ನು ಬಳಸಿದೆ. ಎರಡು ಬೈಬಲ್‌ಗಳನ್ನು ಪಕ್ಕ ಪಕ್ಕ ತೆರೆದಿಡಬೇಕು. 2 ಸಮುವೇಲ 24ರಲ್ಲಿ ಯೆಹೋವನು ಇಸ್ರಾಯೇಲ್ಯರ ಮೇಲೆ ಕೋಪಗೊಂಡು ದಾವೀದನನ್ನು ಜನಗಣತಿಗೆ ಪ್ರೇರಿಸುತ್ತಾನೆ. 1 ಪೂರ್ವಕಾಲವೃತ್ತಾಂತ 21ರಲ್ಲೂ ಅದೇ ಘಟನೆ, ಅದೇ ದಾವೀದ, ಅದೇ ಗಣತಿ. ಆದರೆ ಪ್ರೇರಿಸಿದವನು ಸೈತಾನ. ಎರಡನೆಯದು ಬಾಬೆಲಿನ ಸೆರೆವಾಸ ಮುಗಿದ ಮೇಲೆ ಬರೆದದ್ದು. ಆ ನಡುವೆ ಜನರ ಯೋಚನೆ ಬದಲಾಗಿದೆ. ಕೆಡುಕನ್ನು ನೇರವಾಗಿ ದೇವರ ಹೆಸರಿಗೆ ಬರೆಯಲು ಅವರಿಗೆ ಮನಸ್ಸು ಒಪ್ಪುತ್ತಿಲ್ಲ. ಯೋಬನ ಪುಸ್ತಕದ ಸೈತಾನ ಇನ್ನೂ ದರ್ಬಾರಿನಲ್ಲೇ ಇದ್ದಾನೆ, ತಪ್ಪು ಹುಡುಕುವ ಅಧಿಕಾರಿಯ ಹಾಗೆ. ಅವನು ಅಪ್ಪಣೆ ಇಲ್ಲದೆ ಯೋಬನ ಒಂದು ಕುರಿಯನ್ನೂ ಮುಟ್ಟುವಂತಿಲ್ಲ. ಜೆಕರ್ಯ 3ರಲ್ಲೂ ಅವನ ಕೆಲಸ ಮಹಾಯಾಜಕನ ಮೇಲೆ ದೂರು ಹೇಳುವುದು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಸೈತಾನನೆಂದು ಕರೆಯುವ ಘಟಸರ್ಪಕ್ಕೂ ಇವನಿಗೂ ನಡುವೆ ಕೆಲವು ಶತಮಾನಗಳಿವೆ. ಇದನ್ನು ಹೇಳಿದಾಗ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಬೈಬಲಿನ ಅಂಚಿನಲ್ಲಿ ತಾರೀಖು ಬರೆದುಕೊಳ್ಳಲು ಶುರು ಮಾಡಿದರು. ಈಗ ಗುಂಪಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ದಾನಿಯೇಲ 10 ನನಗೆ ತುಂಬಾ ಇಷ್ಟವಾದ ಪುಟ. ದಾನಿಯೇಲ ಪ್ರಾರ್ಥಿಸುತ್ತಾನೆ, ಉತ್ತರ 21 ದಿನ ತಡವಾಗುತ್ತದೆ. ಯಾಕೆ ಅಂದರೆ ಪಾರಸಿಯ ರಾಜ್ಯದ ಅಧಿಪತಿ ಉತ್ತರ ತರುತ್ತಿದ್ದವನ ದಾರಿಗೆ ಅಡ್ಡ ನಿಂತಿದ್ದ, ದೇವದೂತ ಮೀಕಾಯೇಲ ಬಂದು ಸಹಾಯ ಮಾಡಬೇಕಾಯಿತು. ಮುಂದೆ ಗ್ರೀಸಿನ ಅಧಿಪತಿಯೂ ಬರಲಿದ್ದಾನೆ. ಒಂದೊಂದು ದೇಶಕ್ಕೂ ಮೇಲಿನ ಲೋಕದಲ್ಲಿ ಒಬ್ಬ ಒಡೆಯ! ಈ ನಂಬಿಕೆಯ ಬೇರು ಧರ್ಮೋಪದೇಶಕಾಂಡ 32:8ರಲ್ಲಿದೆ. ದೇವರು ಜನಾಂಗಗಳ ಗಡಿ ಹಾಕಿದ್ದು ಇಸ್ರಾಯೇಲನ ಮಕ್ಕಳ ಲೆಕ್ಕಕ್ಕೆ ತಕ್ಕಂತೆ ಎಂದು ಯೆಹೂದ್ಯರ ಸಾಂಪ್ರದಾಯಿಕ ಹೀಬ್ರೂ ಪ್ರತಿ ಹೇಳುತ್ತದೆ. ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಇನ್ನೂ ಹಳೆಯ ಪ್ರತಿಯಲ್ಲಿ ದೇವಕುಮಾರರ ಲೆಕ್ಕ ಎಂದಿದೆ. ಜನಾಂಗಗಳನ್ನು ದೇವಕುಮಾರರಿಗೆ ಹಂಚಿ, ಇಸ್ರಾಯೇಲನ್ನು ಯೆಹೋವನು ತನಗೇ ಇಟ್ಟುಕೊಂಡ ಎಂಬ ಚಿತ್ರ. ಸಾಮ್ರಾಜ್ಯಗಳ ಕಾಲಡಿಗೆ ಸಿಕ್ಕಿದ ಒಂದು ಚಿಕ್ಕ ಜನಾಂಗಕ್ಕೆ ಈ ಪುಟ ಎಷ್ಟು ಬಲ ಕೊಟ್ಟಿರಬೇಕು!

ಇನ್ನು ದೆವ್ವಗಳ ಪುಟ. ಹಳೆಯ ಒಡಂಬಡಿಕೆಯಲ್ಲಿ ಈ ಪುಟ ಬಹುತೇಕ ಖಾಲಿ. ಮಾರ್ಕನ ಸುವಾರ್ತೆಗೆ ಬಂದರೆ ಮೊದಲ ಅಧ್ಯಾಯದಲ್ಲೇ ಸಭಾಮಂದಿರದೊಳಗೆ ದೆವ್ವ ಕಿರುಚುತ್ತದೆ. ನಡುವೆ ಏನಾಯಿತು? ಉತ್ತರ ನಮ್ಮ ಬೈಬಲಿನ ಹೊರಗಿತ್ತು. ಹನೋಕನ ಪುಸ್ತಕ ಎಂಬ ಹಳೆಯ ಯೆಹೂದ್ಯ ಗ್ರಂಥ ಪೂರ್ತಿಯಾಗಿ ಉಳಿದದ್ದು ಇಥಿಯೋಪಿಯಾದ ಸಭೆಯಲ್ಲಿ, ಗೀಝ್ ಭಾಷೆಯಲ್ಲಿ. ಅಲ್ಲಿ ಅದು ಇವತ್ತಿಗೂ ಪವಿತ್ರ ಗ್ರಂಥ. ಅದರ ಅರಾಮಿಕ್ ತುಣುಕುಗಳು ಕುಮ್ರಾನಿನಲ್ಲೂ ಸಿಕ್ಕಿವೆ. ಯೂದನ ಪತ್ರಿಕೆ ಅದರ ಒಂದು ಮಾತನ್ನು ನೇರವಾಗಿ ಎತ್ತಿ ಹೇಳುತ್ತದೆ. ಆದಿಕಾಂಡ 6ರಲ್ಲಿ ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾದ ಕಥೆ ನಾಲ್ಕೇ ವಚನಗಳಲ್ಲಿ ಮುಗಿದುಹೋಗುತ್ತದೆ. ಹನೋಕನಲ್ಲಿ ಅದು ಬೆಳೆದು ನಿಲ್ಲುತ್ತದೆ. ಕಾವಲುಗಾರರು ಎಂದು ಕರೆಯುವ 200 ದೇವದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಒಬ್ಬರೂ ಹಿಂದೆ ಸರಿಯಬಾರದು ಎಂದು ಆಣೆ ಮಾಡುತ್ತಾರೆ. ಮನುಷ್ಯರಿಗೆ ಕತ್ತಿ, ಕವಚ ಮಾಡುವುದನ್ನು, ಮಾಟವನ್ನು ಕಲಿಸುತ್ತಾರೆ. ಅವರಿಗೆ ಹುಟ್ಟಿದ ದೈತ್ಯರು ಸಾಯುತ್ತಾರೆ. ಆ ದೈತ್ಯರ ದೇಹದಿಂದ ಹೊರಟ ಆತ್ಮಗಳೇ ಭೂಮಿಯ ಮೇಲೆ ಅಲೆಯುವ ದುರಾತ್ಮಗಳು. ಅಂದರೆ ಇಲ್ಲಿ ದೆವ್ವ ಬಿದ್ದ ದೇವದೂತನಲ್ಲ, ಮೈ ಕಳೆದುಕೊಂಡು ನೆಲೆ ಇಲ್ಲದೆ ಅಲೆಯುವ ಜೀವ. ಬಿಟ್ಟುಹೋದ ದುರಾತ್ಮ ನೀರಿಲ್ಲದ ಜಾಗಗಳಲ್ಲಿ ಅಲೆದು ಮತ್ತೆ ಹಳೆಯ ಮನೆಗೆ ಬರುತ್ತದೆ ಎಂದು ಯೇಸು ಹೇಳಿದ ಮಾತು ಇದಾದ ಮೇಲೆ ನನಗೆ ಬೇರೆಯೇ ಸ್ಪಷ್ಟತೆಯಿಂದ ಕೇಳಿಸಿತು. ಆ ಕಾಲದಲ್ಲೂ ಎಲ್ಲರೂ ಇದನ್ನು ನಂಬುತ್ತಿರಲಿಲ್ಲ. ದೇವದೂತನೂ ಇಲ್ಲ, ಆತ್ಮವೂ ಇಲ್ಲ ಎಂದು ಯೆಹೂದ್ಯರ ಒಂದು ಪಂಗಡವಾದ ಸದ್ದುಕಾಯರು ಹೇಳುತ್ತಿದ್ದರು ಎಂದು ಅಪೊಸ್ತಲರ ಕೃತ್ಯಗಳು 23ರಲ್ಲಿದೆ.

ಈ ಓದು ಸುಮ್ನೆ ಪಾಂಡಿತ್ಯಕ್ಕೆ ಅಲ್ಲ ಎಂದು ನನಗೆ ಗಟ್ಟಿಯಾದದ್ದು ಒಬ್ಬ ತಾಯಿಯಿಂದ. ಅವರ ಮಗುವಿಗೆ ಫಿಟ್ಸ್ ಬರುತ್ತಿತ್ತು. ಇದು ದೆವ್ವದ ಕೆಲಸ, ಮಾತ್ರೆ ನಿಲ್ಲಿಸಿ ಎಂದು ಯಾರೋ ಅವರಿಗೆ ಹೇಳಿದ್ದರು. ನಾವು ಮತ್ತಾಯ 4:24 ತೆಗೆದೆವು. ಅಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛಾರೋಗಿಗಳು ಬೇರೆ, ಪಾರ್ಶ್ವವಾಯು ಬಂದವರು ಬೇರೆ ಎಂದು ಒಂದೊಂದಾಗಿ ಎಣಿಸಿದ್ದಾನೆ. ಅದೇ ಮತ್ತಾಯ 17ರಲ್ಲಿ ಒಬ್ಬ ಹುಡುಗನ ಮೂರ್ಛೆಯ ಜೊತೆ ದೆವ್ವದ ಮಾತೂ ಬರುತ್ತದೆ. ಅದನ್ನೂ ಓದಿದೆವು, ಬಚ್ಚಿಡಲಿಲ್ಲ. ಆದರೆ ಪ್ರತಿ ಮೂರ್ಛೆಯೂ ದೆವ್ವವೇ ಎಂದು ಆ ಹಳೆಯ ಬರಹಗಾರನೇ ಹೇಳುತ್ತಿಲ್ಲ ಎಂಬುದು ಆ ತಾಯಿಗೆ ಕಣ್ಣಾರೆ ಕಂಡಿತು. ಮಾತ್ರೆ ಮುಂದುವರಿಯಿತು. ಪ್ರಾರ್ಥನೆಯೂ ಮುಂದುವರಿಯಿತು. ಔಷಧಿ ನಿಲ್ಲಿಸಿ ಅನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹೆದರುವವರಿಗೆ ನಾನು ಇನ್ನೊಂದನ್ನು ತೋರಿಸುತ್ತೇನೆ. 1979ರಲ್ಲಿ ಯೆರೂಸಲೇಮಿನ ಹಿನ್ನೋಮ್ ಕಣಿವೆಯ ಮೇಲಿನ ಒಂದು ಸಮಾಧಿಯಲ್ಲಿ ಗೇಬ್ರಿಯಲ್ ಬಾರ್ಕಾಯ್ ಎಂಬ ಪುರಾತತ್ವಜ್ಞರ ತಂಡಕ್ಕೆ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ಸುಮಾರು ಕ್ರಿ.ಪೂ. 600ರ ಕಾಲದವು, ಮೈಮೇಲೆ ಧರಿಸುತ್ತಿದ್ದ ತಾಯಿತಗಳು. ಬಿಡಿಸಿ ಓದಿದರೆ ಅರಣ್ಯಕಾಂಡ 6ರ ಆಶೀರ್ವಾದದ ಮಾತುಗಳು. ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ನಮ್ಮ ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈ ಎತ್ತಿ ಹೇಳುವ ಅದೇ ಮಾತು. ಆ ಹಳೆಯ ಜನರೂ ಹೆದರುತ್ತಿದ್ದರು, ಹೆದರಿಕೆಗೆ ಇದನ್ನೇ ಹಿಡಿದುಕೊಂಡರು ಎಂದು ತಿಳಿದಾಗ ನಮ್ಮ ಗುಂಪಿನ ಅಜ್ಜಿಯೊಬ್ಬರು ಆ ವಚನವನ್ನು ಇನ್ನೊಮ್ಮೆ ಓದಿಸಿಕೊಂಡರು.

ನೀವು ಇಂಥ ಅಧ್ಯಯನ ನಡೆಸುವುದಾದರೆ ಪ್ರಕಟನೆಯಿಂದ ಶುರು ಮಾಡಬೇಡಿ. 1 ಅರಸುಗಳು 22, ಯೋಬ 1 ಮತ್ತು 2, ಕೀರ್ತನೆ 82, ಜೆಕರ್ಯ 3, ಆಮೇಲೆ ದಾನಿಯೇಲ 10. ಹನೋಕನ ಮೊದಲ 36 ಅಧ್ಯಾಯಗಳನ್ನು ನೀವೊಬ್ಬರೇ ಮೊದಲು ಓದಿಕೊಳ್ಳಿ, ಗುಂಪಿಗೆ ಕಥೆಯಾಗಿ ಹೇಳಿ. ಸುವಾರ್ತೆಗಳಿಗೆ ಅದಾದ ಮೇಲೆ ಬನ್ನಿ. ಸೌಲ ಏಂದೋರಿನ ಹೆಂಗಸಿನ ಹತ್ತಿರ ಹೋಗಿ ಸತ್ತ ಸಮುವೇಲನನ್ನು ಎಬ್ಬಿಸಿದ ಅಧ್ಯಾಯಕ್ಕೆ ಒಂದು ಸಂಜೆಯನ್ನು ಪೂರ್ತಿ ಬಿಡಿ. ಯಾರನ್ನಾದರೂ ಹೊಸದಾಗಿ ಕಳೆದುಕೊಂಡವರು ಗುಂಪಿನಲ್ಲಿದ್ದರೆ ಆ ಸಂಜೆ ಅವರೇ ಜಾಸ್ತಿ ಮಾತಾಡುತ್ತಾರೆ.