ಹಿಮಬಿರುಗಾಳಿಗೆ ಹಳ್ಳಿಮನೆಯನ್ನು ಸಜ್ಜು ಮಾಡುವ ಬಗೆ: ನನ್ನ ಅನುಭವ

ಹಳ್ಳಿಯ ಒಂಟಿಮನೆಯಲ್ಲಿ ಹಿಮಬಿರುಗಾಳಿ ಎದ್ದಾಗ ಎಲ್ಲಕ್ಕಿಂತ ಮೊದಲು ಕೈಕೊಡುವುದು ವಿದ್ಯುತ್. ಅದು ಹೋದರೆ ದೀಪವಷ್ಟೇ ಆರುವುದಿಲ್ಲ. ಬಾವಿಯ ಪಂಪು ನಿಲ್ಲುತ್ತದೆ, ನಲ್ಲಿ ಒಣಗುತ್ತದೆ. ಮನೆ ಬಿಸಿ ಮಾಡುವ ಯಂತ್ರ ಗ್ಯಾಸಿನಿಂದ ಉರಿಯುವುದಾದರೂ ಅದರ ಫ್ಯಾನಿಗೆ ವಿದ್ಯುತ್ ಬೇಕು, ಹಾಗಾಗಿ ಅದೂ ಸುಮ್ಮನಾಗುತ್ತದೆ. ಒಂದೇ ತಂತಿಗೆ ನೀರು, ಬೆಳಕು, ಶಾಖ ಮೂರೂ ಜೋತುಬಿದ್ದಿರುತ್ತವೆ. ಇವನ್ನು ಒಂದರಿಂದೊಂದು ಬಿಡಿಸಿಡುವುದೇ ನನ್ನ ಸಿದ್ಧತೆಯ ತಿರುಳು.

ಮುನ್ಸೂಚನೆ ಕಿವಿಗೆ ಬಿದ್ದ ಕೂಡಲೇ ನೀರು ತುಂಬಿಸಲು ತೊಡಗುತ್ತೇನೆ. ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಮುಚ್ಚಳವಿರುವ ಕ್ಯಾನುಗಳು. ಶೌಚಕ್ಕೆ, ತೊಳೆಯಲಿಕ್ಕೆ ಬಚ್ಚಲಿನಲ್ಲಿ ಡ್ರಮ್ಮುಗಳು. ಹೊರಗೆ ಹಿಮದ ರಾಶಿ ಇರುವಾಗ ನೀರಿಗೇನು ಬರ ಎಂದು ಅನ್ನಿಸಬಹುದು. ಆದರೆ ಹತ್ತು ಲೀಟರ್ ಪಾತ್ರೆ ತುಂಬ ಹೊಸ ಹಿಮ ಕರಗಿಸಿದರೆ ಸಿಗುವುದು ಹೆಚ್ಚುಕಡಿಮೆ ಒಂದು ಲೀಟರ್ ನೀರು, ಅದಕ್ಕೆ ಸುಡುವ ಸೌದೆ ಕಡಿಮೆಯದ್ದಲ್ಲ. ಕರಗಿಸಲೇಬೇಕಾದರೆ ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರು ಹಾಕಿಕೊಳ್ಳುತ್ತೇನೆ, ಇಲ್ಲವಾದರೆ ತಳ ಕಾದು ಸೀಯುತ್ತದೆ. ಆ ನೀರನ್ನು ಕುದಿಸದೆ ಕುಡಿಯುವುದಿಲ್ಲ.

ಬೆಚ್ಚಗಿಡುವ ಕೆಲಸಕ್ಕೆ ಇಡೀ ಮನೆಯ ಆಸೆ ಬಿಟ್ಟು ಒಂದೇ ಕೋಣೆಯನ್ನು ಆರಿಸಿಕೊಳ್ಳುತ್ತೇನೆ: ಸೌದೆ ಒಲೆ ಇರುವ ಕೋಣೆ. ಉಳಿದ ಬಾಗಿಲುಗಳನ್ನು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಕಿಟಕಿಗೆ ಕಂಬಳಿ ಕಟ್ಟುತ್ತೇನೆ. ಹೊಗೆ ಹೋಗುವ ದಾರಿಯನ್ನೂ ಗಾಳಿ ಒಳಬರುವ ಕಿಂಡಿಯನ್ನೂ ಮಾತ್ರ ಮುಚ್ಚುವುದಿಲ್ಲ. ಸೌದೆ ಚೆನ್ನಾಗಿ ಒಣಗಿರಬೇಕು. ಹಸಿ ಸೌದೆ ಶಾಖ ಕೊಡದೆ ಹೊಗೆಕೊಳವೆಯೊಳಗೆ ಟಾರು ಕಟ್ಟುತ್ತದೆ, ಆ ಟಾರಿಗೆ ಬೆಂಕಿ ಹತ್ತಿದರೆ ಮನೆಯೇ ಹೋದೀತು.

ಕೊಳವೆಗಳು ಹೆಪ್ಪುಗಟ್ಟದಿರಲು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಪಂಪು ನಿಂತ ಮನೆಗೆ ಆ ಸಲಹೆಯಿಂದ ಏನೂ ಆಗುವುದಿಲ್ಲ, ಪಂಪು ತುಂಬಿಸಿಡುವ ಒತ್ತಡದ ಟ್ಯಾಂಕಿನಲ್ಲಿ ಇದ್ದಷ್ಟು ನೀರೂ ಸೋರಿಹೋಗುತ್ತದೆ ಅಷ್ಟೇ. ಮನೆ ತಣ್ಣಗಾಗುತ್ತಿದೆ, ವಿದ್ಯುತ್ ಬೇಗ ಬರುವ ಸೂಚನೆಯಿಲ್ಲ ಎಂದಾದರೆ ನಾನು ಮುಖ್ಯ ವಾಲ್ವ್ ತಿರುಗಿಸಿ ಬಂದ್ ಮಾಡಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಕೊಳವೆಗಳನ್ನು ಖಾಲಿ ಮಾಡುತ್ತೇನೆ. ಖಾಲಿ ಕೊಳವೆ ಒಡೆಯುವುದಿಲ್ಲ. ಆ ವಾಲ್ವ್ ಎಲ್ಲಿದೆ ಎಂಬುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಮಕ್ಕಳಿಗೂ ಕೂಡ.

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಭಯವಿರುವುದು ಇಂಧನ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ್ದು. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯವರಿಗೆಲ್ಲ ಒಟ್ಟಿಗೇ ಶುರುವಾದರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಹೊರಗೆ ನಡೆಯಬೇಕು, ಎಂಥ ಚಳಿಯಿದ್ದರೂ ಸರಿ. ನಮ್ಮ ಜನರೇಟರ್ ಮನೆಯಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ, ಹೊಗೆ ಆಚೆ ಮುಖ ಮಾಡಿಕೊಂಡು ಇರುತ್ತದೆ. ಬಾಗಿಲು ತೆರೆದಿಟ್ಟ ಗ್ಯಾರೇಜೂ ಅದಕ್ಕೆ ಸುರಕ್ಷಿತ ಜಾಗವಲ್ಲ. ಇದ್ದಿಲ ಒಲೆಯನ್ನು ಮನೆಯೊಳಗೆ ತರುವುದೇ ಇಲ್ಲ. ಈ ಅನಿಲವನ್ನು ಪತ್ತೆಹಚ್ಚುವ, ಬ್ಯಾಟರಿಯಿಂದ ನಡೆಯುವ ಎಚ್ಚರಿಕೆ ಗಂಟೆ ಮಲಗುವ ಜಾಗದ ಹತ್ತಿರ ಇದೆ. ಜನರೇಟರ್ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಮನೆಗೆ ವಿದ್ಯುತ್ ಹರಿಸುವವರಿದ್ದಾರೆ. ಆ ವಿದ್ಯುತ್ ಹೊರಗಿನ ತಂತಿಗೂ ಹೋಗುತ್ತದೆ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವ ತೆಗೆಯಬಲ್ಲದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹೀಟರಿನ ಹೊಗೆ ಹೊರಹೋಗುವ ಕೊಳವೆ ಎಷ್ಟೋ ಮನೆಗಳಲ್ಲಿ ಗೋಡೆಯ ಬುಡದಲ್ಲೇ ಇರುತ್ತದೆ. ಗಾಳಿ ತಂದು ಒಟ್ಟುವ ಹಿಮ ಅದರ ಬಾಯಿ ಮುಚ್ಚಿದರೆ ಹೊಗೆ ಒಳಗೇ ತಿರುಗುತ್ತದೆ. ಆದ್ದರಿಂದ ಸಲಿಕೆ ಹಿಡಿದಾಗ ನನ್ನ ಕ್ರಮ ಬದಲಾಗುವುದಿಲ್ಲ: ಮೊದಲು ಬಾಗಿಲು, ಆಮೇಲೆ ಈ ಕೊಳವೆಗಳ ಬಾಯಿ, ನಂತರ ಸೌದೆಯ ಕಡೆಗೆ ಹಾದಿ. ಕಾರು, ಗೇಟು ಎಲ್ಲ ಕೊನೆಗೆ.

ಹಿಮ ನಿಲ್ಲಲಿ ಎಂದು ಕಾಯದೆ, ಪಾದ ಮುಳುಗುವಷ್ಟು ಬಿದ್ದಾಗಲೆಲ್ಲ ತೆಗೆಯುತ್ತೇನೆ. ಹಗುರ ಹೊಸ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ನೀರು ಹೀರಿ ಅದುಮಿಕೊಂಡ ಹಿಮ 300 ಕಿಲೋ ದಾಟುತ್ತದೆ. ಎತ್ತುವುದಕ್ಕಿಂತ ತಳ್ಳುವುದು ಲೇಸು. ಎತ್ತಲೇಬೇಕಾದರೆ ಅರ್ಧ ಸಲಿಕೆ, ಮೊಣಕಾಲು ಬಾಗಿಸಿ. ಚಳಿಗೆ ರಕ್ತನಾಳಗಳು ಬಿಗಿದುಕೊಂಡಿರುವಾಗಲೇ ಹೃದಯಕ್ಕೆ ಈ ದುಡಿಮೆಯೂ ಸೇರುತ್ತದೆ. ಹೃದಯದ ತೊಂದರೆ ಇರುವವರು ಸಲಿಕೆ ಮುಟ್ಟದಿರುವುದೇ ಸರಿ, ಎದೆ ಬಿಗಿದಂತಾದರೆ ಯಾರೇ ಆಗಲಿ ಅಲ್ಲಿಗೇ ನಿಲ್ಲಿಸಬೇಕು. ಬೆವರು ಬರುವ ಮೊದಲೇ ಒಂದು ಪದರ ಬಟ್ಟೆ ಕಳಚುತ್ತೇನೆ. ಒಳಗೆ ಉಣ್ಣೆಯದನ್ನೇ ಹಾಕುತ್ತೇನೆ, ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರಿಬಿಡುತ್ತದೆ.

ರಸ್ತೆಯ ಹಿಮ ತಳ್ಳುವ ಯಂತ್ರ ನಮ್ಮ ದಾರಿಯ ಬಾಯಲ್ಲಿ ದಿಬ್ಬ ಒಟ್ಟಿ ಹೋಗುವುದು ಎಲ್ಲರ ಗೋಳು. ಅದು ಬರುವ ದಿಕ್ಕಿನಲ್ಲಿ, ದಾರಿಗಿಂತ ಸ್ವಲ್ಪ ಮುಂಚೆ, ರಸ್ತೆಯ ಅಂಚಿನ ಒಂದಿಷ್ಟು ಜಾಗವನ್ನು ಖಾಲಿ ಮಾಡಿಡುತ್ತೇನೆ. ತಳ್ಳಿಕೊಂಡು ಬಂದ ರಾಶಿಯ ಬಹುಪಾಲು ಅಲ್ಲೇ ಇಳಿಯುತ್ತದೆ.

ಛಾವಣಿಯ ಮೇಲೆ ಹತ್ತುವುದಿಲ್ಲ. ಉದ್ದ ಹಿಡಿಯ ಕುಂಟೆಯಿಂದ ನೆಲದ ಮೇಲೆ ನಿಂತೇ ಅಂಚಿನ ಹಿಮವನ್ನು ಎಳೆಯುತ್ತೇನೆ, ಹೆಂಚಿನ ಮೇಲೆ ತೆಳ್ಳಗೆ ಒಂದು ಪದರ ಬಿಡುತ್ತೇನೆ. ಒಳಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು, ತೊಲೆಗಳು ಲಟಲಟಿಸುವುದು, ಗೋಡೆಯಲ್ಲಿ ಹೊಸ ಬಿರುಕು: ಇವು ಮನೆ ಬಿಟ್ಟು ಹೊರಬರಬೇಕಾದ ಗುರುತುಗಳು.

ಕೊಟ್ಟಿಗೆಗೂ ಮನೆಗೂ ನಡುವೆ ಹಗ್ಗ ಬಿಗಿಯುವುದು ಬಿರುಗಾಳಿಗೆ ಮೊದಲೇ. ಹಿಮ ಅಡ್ಡಡ್ಡ ಬೀಸಿದಾಗ ಚಾಚಿದ ಕೈಯೇ ಕಾಣಿಸುವುದಿಲ್ಲ, ಅಂಗಳದಲ್ಲೇ ದಿಕ್ಕು ತಪ್ಪುತ್ತದೆ. ದನಗಳಿಗೆ ಮೇವಿಗಿಂತ ನೀರಿನ ಚಿಂತೆ ಹೆಚ್ಚು. ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಹೋದಾಗಲೆಲ್ಲ ಒಡೆಯುತ್ತೇನೆ.

ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ಪದಾರ್ಥ ನಾಲ್ಕು ಗಂಟೆ, ತುಂಬಿದ ಫ್ರೀಜರಿನದು 48 ಗಂಟೆ ತಡೆಯುತ್ತದೆ. ಬಿರುಗಾಳಿ ಕಳೆದ ಮೇಲೆ ಬಿದ್ದ ತಂತಿಯ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳುತ್ತೇನೆ. ಹೆಪ್ಪುಗಟ್ಟಿದ ಕೊಳವೆಯನ್ನು ಬಿಸಿ ಬಟ್ಟೆಯಿಂದ, ನಲ್ಲಿಯ ಕಡೆಯಿಂದ ಹಿಂದಕ್ಕೆ ಕರಗಿಸುತ್ತ ಹೋಗುತ್ತೇನೆ, ಬೆಂಕಿ ತೋರಿಸುವುದಿಲ್ಲ. ಗೋಡೆಯ ಬುಡದ ಹಿಮವನ್ನು ಬಿಸಿಲು ಏರುವ ಮುನ್ನ ದೂರಕ್ಕೆ ಎಳೆದುಹಾಕುತ್ತೇನೆ, ಇಲ್ಲದಿದ್ದರೆ ಕರಗಿದ ನೀರೆಲ್ಲ ಅಡಿಪಾಯಕ್ಕೆ ಇಳಿಯುತ್ತದೆ.